ಓರೆ ಹಲ್ಲಿನ ಗೇರು

ಲೊಕೊರೆತ್
11 ಫೆಬ್ರವರಿ 1996

ಅಪ್ಪನಿಗೆ ಅರೂಪೆ ಬರೆಯುವುದು.

ಹೆಸರು ನೋಡಿದ ಕೂಡಲೇ ಹರಿಯಬೇಡಿ. ಓದಿ ಆಮೇಲೆ ಹರಿಯಿರಿ. ಈ ಕಾಗದವನ್ನು ಈರುಳ್ಳಿ ಲಾರಿಯ ವಫೂಲಾ ಕೈಲಿ ಕಳಿಸುತ್ತಿದ್ದೇನೆ. ಕಿಟಾಲೆಯಲ್ಲಿ ನಿಮ್ಮ ಶೆಡ್ಡಿಗೇ ತಂದು ಕೊಡುತ್ತೇನೆ ಅಂದಿದ್ದಾನೆ. ಕೊಡುತ್ತಾನೋ, ದಾರಿಯಲ್ಲಿ ಹೊಗೆಸೊಪ್ಪು ಸುತ್ತಿಕೊಂಡು ಸೇದುತ್ತಾನೋ, ಯಾರಿಗೆ ಗೊತ್ತು. ಅಕ್ಷರ ವಕ್ರವಾಗಿದ್ದರೆ ಬೈಯಬೇಡಿ. ಮೂರನೇ ಕ್ಲಾಸಿಗೆ ಬಿಡಿಸಿದ್ದು ನೀವೇ.

ಎಕಿತೆಲಾನ ಜೊತೆ ಓಡಿಬಂದ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ಬಾಗಿಲಲ್ಲಿ ಎತ್ತು ಬೀಳಲಿಲ್ಲ, ಬಲ್ಲೆ. ಗಂಡಿನ ಕಡೆಯವರು ಎತ್ತನ್ನು ಹೊಡೆದುಕೊಂಡು ಬಂದು ತಿವಿದು ಕೆಡವದಿದ್ದರೆ ಅದು ಮದುವೆಯಲ್ಲ, ಕಳ್ಳತನ ಅಂತ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ. ಆ ಮಾತಿಗೆ ನಾನೀಗ ಬಂದಿಲ್ಲ. ನಮಗೊಬ್ಬಳು ಮಗಳಿದ್ದಾಳೆ, ಅಪುವಾ. ಏಳು ವರ್ಷ. ಹಣೆ ನಿಮ್ಮದೇ.

ಬರೆದದ್ದು ಗೇರ್‌ಬಾಕ್ಸ್ ವಿಷಯಕ್ಕೆ. ಎಕಿತೆಲಾ ಮಿಷನ್ನಿನ ನೀರು ಲಾರಿ ಓಡಿಸುತ್ತಾನೆ. ಸೈನ್ಯದವರು ಬಿಟ್ಟ ಹಳೇ ಹಸಿರು ಲಾರಿ. ದೊಡ್ಡ ರಸ್ತೆಯ ಹತ್ತಿರ ಮಿಷನ್ನಿನ ಕೊಳವೆಬಾವಿ ಇದೆ, ಅಲ್ಲಿ ತುಂಬಿಕೊಂಡು ಒಣಹೊಳೆ ದಾಟಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಗ್ಗಿ ನಮ್ಮೂರಿಗೆ ಬರಬೇಕು. ದಾರಿ ಅನ್ನುವುದಿಲ್ಲ, ಮರಳು ಮತ್ತು ಕಲ್ಲು. ಅದರ ಗೇರ್‌ಬಾಕ್ಸ್ ಊಳಿಡುತ್ತದೆ ಅಪ್ಪ. ಧೂಳು ಕಾಣುವುದಕ್ಕೆ ಎಷ್ಟೋ ಮೊದಲು ಊಳು ಕೇಳುತ್ತದೆ. ನಮಗೆ ಕೇಳಿದ್ದು ಕೊಳ್ಳೆ ಹೊಡೆಯುವ ಬೆಟ್ಟದವರಿಗೂ ಕೇಳುತ್ತದೆ. ಹೋದ ತಿಂಗಳು ಹೊಂಚು ಹಾಕಿ ಹೊಡೆದರು. ಟ್ಯಾಂಕಿಗೆ ತೂತು ಬಿತ್ತು. ಇವನು ತೂತುಗಳಿಗೆ ಕಡ್ಡಿ ತುರುಕಿಕೊಂಡು ನಗುತ್ತಾ ಬಂದ, "ನೋಡು, ಲಾರಿಗೆ ಮುಳ್ಳುಹಂದಿ ವೇಷ" ಅಂತ. ಅವರಿಗೆ ನೀರು ಬೇಡ, ಲಾರಿ ಬೇಕು. ಲಾರಿಯ ಜೊತೆ ಡ್ರೈವರ್ ಬೇಕಿಲ್ಲ.

ಅವತ್ತಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಊಳು ಕೇಳಿದರೆ ಈಗ ಹೊಡೆಯುತ್ತಾರೆ ಅನ್ನಿಸುತ್ತದೆ. ಕೇಳದಿದ್ದರೆ ಆಗಲೇ ಹೊಡೆದರು ಅನ್ನಿಸುತ್ತದೆ. ಗೇರ್‌ಬಾಕ್ಸ್ ಅಂದರೆ ಇಲ್ಲಿಯ ಡ್ರೈವರುಗಳೆಲ್ಲ ನಿಮ್ಮ ಹೆಸರೇ ಹೇಳುತ್ತಾರೆ. ಎಸೆಕೊನ್ ಮೇಸ್ತ್ರಿ ಕೈಯಿಟ್ಟರೆ ಸತ್ತ ಗೇರೂ ಎದ್ದು ತಿರುಗುತ್ತದಂತೆ. ಆ ಸದ್ದು ಅಡಗಿಸಲು ಏನಾದರೂ ಇದ್ದರೆ ಹೇಳಿ. ನನಗಾಗಿ ಬೇಡ, ಲಾರಿಗಾಗಿ ಹೇಳಿ.

ನಿಮ್ಮ ಕಾಲಿಗೆ ಬಿದ್ದು,
ಅರೂಪೆ


ಕಿಟಾಲೆ
3 ಮಾರ್ಚ್ 1996

ಅರೂಪೆ,

ಹರಿಯಲಿಲ್ಲ. ಹಿಂಬದಿ ಖಾಲಿ ಇತ್ತು, ಬೇರಿಂಗ್ ಇಟ್ಟು ಗ್ರೀಸ್ ಒರೆಸಿಕೊಂಡೆ.

ನನಗೊಬ್ಬಳು ಮಗಳಿದ್ದಳು. ಒಬ್ಬ ಡ್ರೈವರನ ಹಿಂದೆ ಹೋದಳು. ಅವನ ಹತ್ತಿರ ಎತ್ತೂ ಇಲ್ಲ, ಎತ್ತಿನ ಬಾಲವೂ ಇಲ್ಲ. ಇಲ್ಲಿಯ ಹೆಂಗಸರು "ಎಸೆಕೊನ್, ನಿನ್ನ ಅಳಿಯ ಎತ್ತು ಹೊಡೆದುಕೊಂಡು ಹೊರಟಿದ್ದಾನಂತೆ, ಇನ್ನೂ ದಾರಿಯಲ್ಲಿದ್ದಾನಂತೆ" ಅಂತ ವರ್ಷ ವರ್ಷವೂ ನಗುತ್ತಾರೆ. ನಾನೂ ನಗುತ್ತೇನೆ. ನಗುವುದನ್ನು ನೀನು ನೋಡಿಲ್ಲ.

ಊಳಿಡುತ್ತದೆ ಅಂತ ಬರೆದಿದ್ದೀಯ. ಯಾವ ಊಳು? ಹೊಟ್ಟೆನೋವು ಅಂದರೆ ಸಾಕೇ, ಎಲ್ಲಿ ನೋವು ಅಂತ ಬೇಡವೇ? ಇವನ್ನು ನೋಡಿ ಬರೆ. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದಾಗ ಬರುವುದೋ, ಎತ್ತಿದಾಗಲೋ? ನಿಂತಲ್ಲೇ ಇಂಜಿನ್ ಓಡುವಾಗ ಉಂಟೋ? ಮರಳಲ್ಲಿ ಮುಂದಿನ ಗಾಲಿಗೂ ಎಳೆತ ಕೊಡುವ ಸಣ್ಣ ಲಿವರ್ ಹಾಕಿದಾಗ ದನಿ ಬದಲಾಗುವುದೋ? ಕಬ್ಬಿಣದ ಸರಳಿನ ಒಂದು ತುದಿ ಗೇರಿನ ಪೆಟ್ಟಿಗೆಗೆ ಒತ್ತಿ, ಇನ್ನೊಂದು ತುದಿ ಕಿವಿಯ ಹಿಂದಿನ ಎಲುಬಿಗಿಟ್ಟು ಕೇಳು. ನೀನೇ ಕೇಳು. ಗಂಡನಿಗೆ ಹೇಳಬೇಡ. ಡ್ರೈವರುಗಳಿಗೆ ಹಾರ್ನ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಎಸೆಕೊನ್


ಲೊಕೊರೆತ್
31 ಮಾರ್ಚ್ 1996

ಅಪ್ಪನಿಗೆ,

ನೀವು ಉತ್ತರ ಬರೆದಿರಿ. ಬೈದಿದ್ದರೂ ಬರೆದಿರಿ. ಕಾಗದ ಮಡಚಿ ಮಡಚಿ ಅದರ ಗೆರೆಯೇ ಹರಿಯುತ್ತಾ ಬಂತು.

ನೀವು ಕೇಳಿದ್ದೆಲ್ಲ ನೋಡಿದೆ. ಲಾರಿಯಲ್ಲಿ ಅವನ ಪಕ್ಕ ಕೂತು ಹೋಗಿ ಬಂದೆ. ಸರಳು ಸಿಗಲಿಲ್ಲ, ಗುಡಾರದ ಗೂಟ ಇಟ್ಟು ಕೇಳಿದೆ. ಕೆನ್ನೆ ಸುಟ್ಟಿತು, ಇರಲಿ. ಸೀಟಿನ ಕೆಳಗಿನ ದೊಡ್ಡ ಪೆಟ್ಟಿಗೆ ಸುಮ್ಮನೆ ಗುರುಗುಡುತ್ತದೆ, ಮಲಗಿದ ನಾಯಿಯ ಹಾಗೆ. ಊಳು ಅದರದ್ದಲ್ಲ. ಅದರ ಹಿಂದಿನ ಸಣ್ಣ ಪೆಟ್ಟಿಗೆಯದ್ದು. ನಿಂತಾಗ ಇಲ್ಲ. ಕಾಲು ಒತ್ತಿದರೆ ಶುರು, ವೇಗಕ್ಕೆ ಸರಿಯಾಗಿ ದನಿ ಏರುತ್ತದೆ, ಮದ ಬಂದ ಗಂಡೊಂಟೆ ಹಲ್ಲು ಕಡಿಯುತ್ತಾ ಕೂಗಿದ ಹಾಗೆ. ಕಾಲು ಎತ್ತಿದರೆ ದನಿ ಬದಲಾಗಿ ಹೆಂಗಸು ಮೂಗಿನಲ್ಲಿ ಅತ್ತ ಹಾಗೆ. ಸಣ್ಣ ಲಿವರ್ ಹಾಕಿದರೆ ಎರಡೂ ಸೇರಿ ಕಿವಿ ತೂತಾಗುತ್ತದೆ. ಒಳಗೆ ಕೂತು ಮಾತಾಡಬೇಕಾದರೆ ಕೂಗಬೇಕು. ಮದುವೆಯಾದಾಗಿನಿಂದ ಲಾರಿಯಲ್ಲಿ ನಾವು ಜಗಳವಾಡಿದ ಹಾಗೇ ಮಾತಾಡಿದ್ದು.

ನಾನು ಗೂಟ ಹಿಡಿದು ಕೂತದ್ದು ಕಂಡು ಎಕಿತೆಲಾ ಕೇಳಿದ, "ಏನೇ, ಅದರ ಹತ್ತಿರ ಗುಟ್ಟು ಮಾತಾಡ್ತಿದ್ದೀಯಾ?"

ಹೇಳಿದೆ, ಅಪ್ಪ ಬರೆದಿದ್ದಾರೆ ಅಂತ. ಅವನಿಗೆ ಎಷ್ಟು ಸಂತೋಷ ಆಯಿತೆಂದರೆ ಲಾರಿ ಮರಳಿಗೆ ಇಳಿಯಿತು. "ಮಾವನಿಗೆ ಬರೆ. ಲಾರಿ ಊಳಿಡತ್ತೆ, ಅವರ ಮಗಳು ಗೊಣಗ್ತಾಳೆ. ಎರಡರಲ್ಲಿ ಒಂದನ್ನಾದರೂ ರಿಪೇರಿ ಮಾಡಿಕೊಟ್ಟರೆ ಪುಣ್ಯ ಬರತ್ತೆ."

ಕಣಿವೆಯ ಬಾಯಲ್ಲಿ ಒಂದು ದೊಡ್ಡ ಬಂಡೆ. ಅದರ ಮೇಲೆ ನಮ್ಮೂರ ಗಾವಲಿನವರು ಕೂತಿರುತ್ತಾರೆ, ಸರ್ಕಾರ ಕೊಟ್ಟ ಬಂದೂಕು ಹಿಡಿದು. ಅವರ ಮುಂದಾಳು ಲೊಂಗೊರ್, ಎಕಿತೆಲಾನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಇವನಿಗಿಂತ ಸ್ವಲ್ಪ ಕಿರಿಯ. ನಮ್ಮನ್ನು ಕಂಡು ಮೇಲಿಂದಲೇ ಕೂಗಿದ, "ಅತ್ತಿಗೆ, ನಿನ್ನ ಸವತಿ ಇವತ್ತೂ ಅತ್ಕೊಂಡೇ ಬಂದಳು! ಆಗಿನಿಂದ ಕೇಳ್ತಾ ಕೂತಿದ್ದೀವಿ!" ಇವರಿಗೆಲ್ಲ ತಮಾಷೆ. ಬೆಟ್ಟದವರೂ ಕೇಳುತ್ತಾ ಕೂತಿರುತ್ತಾರೆ ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ, ನನ್ನೊಬ್ಬಳದ್ದು ಬಿಟ್ಟು.

ಅಪುವಾಗೆ ಕಿವಿ ಸೋರುತ್ತಿದೆ. ಅದೂ ಒಂದು ಚಿಂತೆ.

ಬೇಗ ಬರೆಯಿರಿ,
ಅರೂಪೆ


ಕಿಟಾಲೆ
20 ಏಪ್ರಿಲ್ 1996

ಅರೂಪೆ,

ಕಿವಿ ನನ್ನದೇ ಬಂದಿದೆ ನಿನಗೆ. ಬುದ್ಧಿ ನಿಮ್ಮಮ್ಮನದ್ದು.

ಅದು ರೋಗವಲ್ಲ. ಆ ಸಣ್ಣ ಪೆಟ್ಟಿಗೆಯ ಗೇರುಗಳಿಗೆ ಹಲ್ಲು ನೇರವಾಗಿ ಕಡಿದಿರುತ್ತಾರೆ. ನೇರ ಹಲ್ಲು ಪೂರ್ತಿ ಅಗಲಕ್ಕೆ ಒಟ್ಟಿಗೇ ಬಂದು ಬಡಿಯುತ್ತದೆ, ಒಂದಾದ ಮೇಲೆ ಒಂದು. ಆ ಬಡಿತವೇ ಊಳು. ಸೈನ್ಯದವರಿಗೆ ಗಟ್ಟಿತನ ಬೇಕು, ಕಿವಿಯ ಚಿಂತೆಯಿಲ್ಲ. ಕಾಲು ಎತ್ತಿದಾಗ ಅಳುವುದು ಬೇರಿಂಗ್ ಸವೆದು. ಅದಷ್ಟು ಮಾತ್ರ ರೋಗ.

ಹಲ್ಲನ್ನು ಓರೆಯಾಗಿ ಕಡಿದ ಗೇರುಗಳಿರುತ್ತವೆ. ಹಲ್ಲು ತುದಿಯಿಂದ ಜಾರುತ್ತಾ ಕೂರುತ್ತದೆ, ಒಂದು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ. ಸದ್ದಿಲ್ಲ. ಆ ಲಾರಿಗೆ ಸರಿಹೊಂದುವ ಜೊತೆ ನನ್ನ ಹತ್ತಿರ ಇದೆ. ಅಂಥದ್ದು ಈ ಊರಲ್ಲಿ ಇನ್ನೆಲ್ಲೂ ಇಲ್ಲ. ತುಂಬಾ ಜನ ಕೇಳಿದರು, ಕೊಟ್ಟಿಲ್ಲ.

ನಿನಗೆ ಕೊಡುತ್ತೇನೆ. ಹುಡುಗಿಯನ್ನು ಕಳಿಸು.

ಯಾಕೆ ಅಂತ ಕೇಳಬೇಡ. ಎತ್ತು ಬೀಳದ ಮನೆಯ ಮಗು ತಾಯಿಯ ಅಪ್ಪನದು. ಅದು ನಾನು ಮಾಡಿದ ಕಟ್ಟಳೆಯಲ್ಲ. ಇಷ್ಟು ವರ್ಷ ಕೇಳದೇ ಇದ್ದದ್ದು ನನ್ನ ದೊಡ್ಡತನ. ನಾಳೆ ಅವಳಿಗೆ ಗಂಡು ಬಂದಾಗ ಎತ್ತು ನನ್ನ ಬಾಗಿಲಲ್ಲಿ ಬೀಳಬೇಕು, ನಿನ್ನಿಂದ ಬೀಳದ್ದು ಅವಳಿಂದಾದರೂ ಬೀಳಲಿ. ವಫೂಲಾ ಗೇರು ತರುತ್ತಾನೆ, ಅದೇ ಲಾರಿಯಲ್ಲಿ ಹುಡುಗಿಯನ್ನು ಕರೆದುಕೊಂಡು ಬರುತ್ತಾನೆ. ಹುಡುಗಿ ಹತ್ತದಿದ್ದರೆ ಗೇರು ಇಳಿಯುವುದಿಲ್ಲ.

ಎಸೆಕೊನ್


ಲೊಕೊರೆತ್
12 ಮೇ 1996

ಅಪ್ಪಾ,

ಬೇಡ. ಬೇರೆ ಏನಾದರೂ ಕೇಳಿ. ಅವಳಿಗೆ ಇನ್ನೂ ಹಾಲುಹಲ್ಲು. ಅಪರಿಚಿತರ ಮನೆಯಲ್ಲಿ ಉಣ್ಣುವುದಿಲ್ಲ. ನೀವು ಅಪರಿಚಿತರು ಅಂತಲ್ಲ, ಅವಳಿಗೆ ಅಂತ ಹೇಳಿದೆ. ಎಕಿತೆಲಾನಿಗೆ ನಿಮ್ಮ ಮಾತು ಹೇಳಿಲ್ಲ. ಹೇಳಿದರೆ "ಮಾವನ ಗೇರು ಮಾವನೇ ಇಟ್ಕೊಳ್ಳಲಿ, ನಾನು ಊಳಿಡ್ತಾ ಸಾಯ್ತೀನಿ" ಅಂತಾನೆ. ಅವನು ಹಾಗೇ. ಸಾಯುವ ಮಾತು ಅವನಿಗೆ ಉಗುಳಿದಷ್ಟು ಸುಲಭ.

ಇಲ್ಲಿ ಇನ್ನೊಂದಾಯಿತು. ಬೆಟ್ಟದವರು ಒಂದು ಲಾರಿ ಕದ್ದಿದ್ದಾರೆ. ನಮ್ಮದರ ಹಾಗೇ ಸೈನ್ಯದ್ದು, ಹಸಿರು. ಅದರಲ್ಲೇ ಕೂತು ಪಕ್ಕದ ನಾಕಪೆಲ್ ಊರಿಗೆ ಹಾಡುಹಗಲೇ ನುಗ್ಗಿದರು. ಊರವರು ಸರ್ಕಾರದ ಗಾಡಿ ಅಂತ ಎದುರು ಹೋಗಿ ನಿಂತರಂತೆ, ಮಕ್ಕಳೂ ಓಡಿದರಂತೆ. ಮುಂದಿನದು ಬರೆಯಲಾರೆ. ಲೊಂಗೊರ್ ಈಗ ನಗುವುದನ್ನೇ ಬಿಟ್ಟಿದ್ದಾನೆ. "ಗುರುತಿಲ್ಲದ ಲಾರಿ ಕಣಿವೆಗೆ ಇಳಿದರೆ ಮೊದಲು ಗುಂಡು, ಆಮೇಲೆ ನಮಸ್ಕಾರ" ಅಂತ ಊರ ಸಭೆಯಲ್ಲಿ ಹೇಳಿದ.

ಬೆಟ್ಟದವರಿಗೆ ಈಗ ಗಾಡಿಯ ರುಚಿ ಹತ್ತಿದೆ. ಎರಡನೆಯದು ಬೇಡವೇ ಅವರಿಗೆ? ಎರಡನೆಯದು ಯಾವುದು, ಎಲ್ಲಿದೆ, ಯಾವಾಗ ಬರುತ್ತದೆ ಅಂತ ಅದೇ ಕೂಗಿ ಹೇಳುತ್ತದಲ್ಲ. ನಮ್ಮೂರಿನಲ್ಲೇ ಯಾರೋ ಅವರಿಗೆ ಸುದ್ದಿ ಮುಟ್ಟಿಸುತ್ತಾರೆ ಅಂತಲೂ ಮಾತಿದೆ. ಯಾರು ಅಂತ ಗೊತ್ತಿಲ್ಲ, ಆದ್ದರಿಂದ ಎಲ್ಲರೂ ಅನ್ನಿಸುತ್ತದೆ. ನಿನ್ನೆ ಉಪ್ಪು ಕೇಳಲು ಬಂದ ಮುದುಕಿಯನ್ನೂ ಹಾಗೇ ನೋಡಿದೆ.

ಗೇರು ಕಳಿಸಿ ಅಪ್ಪ. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದೇನೆ ಅಂದುಕೊಳ್ಳಿ.

ಅರೂಪೆ


ಕಿಟಾಲೆ
30 ಮೇ 1996

ಅರೂಪೆ,

ಅವಳ ತಲೆಯ ಮೇಲಿನ ಕೈ ತೆಗೆದು ಅವಳನ್ನು ಲಾರಿ ಹತ್ತಿಸು.

ಗಂಡ ಬೇಕಾದರೆ ಮಗು ಕೊಡು. ಮಗು ಬೇಕಾದರೆ ಗಂಡನ ಹೆಣಕ್ಕೆ ಬಿಳಿಬಟ್ಟೆ ತೆಗೆದಿಡು. ಎರಡೂ ಬೇಕು ಅನ್ನುವವಳು ಎತ್ತು ಇರುವವನ ಹಿಂದೆ ಓಡಬೇಕಿತ್ತು.

ವಫೂಲಾ ಜೂನ್ ಎರಡನೇ ವಾರ ಹೊರಡುತ್ತಾನೆ. ಗೇರು ಎಣ್ಣೆಬಟ್ಟೆಯಲ್ಲಿ ಸುತ್ತಿ ಅವನ ಸೀಟಿನ ಕೆಳಗಿಟ್ಟಿದ್ದೇನೆ.

ಎಸೆಕೊನ್


ಮಿಷನ್ ಕೊಳವೆಬಾವಿ
16 ಜೂನ್ 1996

ಅಪ್ಪನಿಗೆ,

ಕಳಿಸಿದ್ದೇನೆ. ಈ ಕಾಗದ ಅವಳ ಹಿಂದೆಯೇ ಇನ್ನೊಂದು ಲಾರಿಯಲ್ಲಿ ಬರುತ್ತದೆ.

ಬಲಗಿವಿ ಸೋರುತ್ತದೆ, ಆ ಕಡೆ ಮಲಗಿಸಬೇಡಿ. ಹುರುಳಿಕಾಳು ಉಂಡರೆ ವಾಂತಿ. ಜೋಳದ ಮುದ್ದೆ ಬಿಸಿಯಿದ್ದರೆ ಊದಿ ಕೊಡಬೇಕು, ಅವಳು ಊದಿಕೊಳ್ಳುವುದಿಲ್ಲ, ಸುಟ್ಟುಕೊಂಡು ಅಳುತ್ತಾಳೆ. ಕಿಟಾಲೆಯಲ್ಲಿ ಚಳಿ ಅಂತ ನನಗೆ ನೆನಪಿದೆ, ಅವಳಿಗೆ ಚಳಿ ಅಂದರೇನೆಂದೇ ಗೊತ್ತಿಲ್ಲ. ಒಂದು ಕಂಬಳಿ. ಹಳೆಯದಾದರೂ ಸರಿ. ನಿಮ್ಮ ಶೆಡ್ಡಿನ ಆಸಿಡ್ ಡಬ್ಬಗಳ ಹತ್ತಿರ ಬಿಡಬೇಡಿ. ಬೈದರೆ ಉಚ್ಚೆ ಹೊಯ್ದುಕೊಳ್ಳುತ್ತಾಳೆ, ಅದಕ್ಕೆ ಮತ್ತೆ ಬೈಯಬೇಡಿ.

ಎಕಿತೆಲಾನಿಗೆ ಹೇಳಿದ್ದು ಇಷ್ಟು. ಅಪ್ಪ ಕರಗಿದ್ದಾರೆ, ಗೇರು ಸುಮ್ಮನೆ ಕಳಿಸಿದ್ದಾರೆ, ಮೊಮ್ಮಗಳನ್ನು ನೋಡಬೇಕಂತೆ, ಮಳೆಗಾಲ ಕಳೆದ ಮೇಲೆ ಕಳಿಸುತ್ತಾರಂತೆ. ಅವನು ನಂಬಿದ. ನಂಬಿ ಎದ್ದು ಕುಣಿದ. "ಕಲ್ಲಿನಂಥ ಮಾವ ಬೆಣ್ಣೆ ಆದ್ರಾ! ಗೇರ್‌ಬಾಕ್ಸಿನ ದಯೆ ನೋಡು!" ಅಂತ ಅಪುವಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಡೀ ಮಿಷನ್ ಅಂಗಳ ಸುತ್ತಿದ. ಅವಳನ್ನು ವಫೂಲಾನ ಪಕ್ಕ ಹತ್ತಿಸಿದವನೂ ಅವನೇ. ಅವಳು ಲಾರಿ ಸವಾರಿ ಅಂತ ನಗುತ್ತಿದ್ದಳು. ನಾನು ಹತ್ತಲಿಲ್ಲ ಅಂತ ಗೊತ್ತಾದದ್ದು ಲಾರಿ ಗೇಟು ದಾಟಿದ ಮೇಲೆ.

ಮುಖ ಈ ಕಡೆ ತಿರುಗಿಸಿದ್ದು ಕಂಡಿತು. ಕೂಗಿದ್ದು ಕೇಳಲಿಲ್ಲ.

ಇಂತಿ,
ಅರೂಪೆ


ಕಿಟಾಲೆ
2 ಜುಲೈ 1996

ಅರೂಪೆ,

ಬಂದಳು. ಅತ್ತಳು. ಈಗ ಅಳುವುದಿಲ್ಲ.

ಕೂರಿಸುವ ಕ್ರಮ ಬರೆಯುತ್ತೇನೆ, ಗಂಡನಿಗೆ ಓದಿ ಹೇಳು. ಪೆಟ್ಟಿಗೆ ಇಳಿಸಿ ಸೀಮೆಎಣ್ಣೆಯಲ್ಲಿ ತೊಳೆಯಲಿ. ಹಳೇ ಬೇರಿಂಗುಗಳನ್ನು ಎಸೆಯಲಿ, ಹೊಸವು ಗಂಟಿನಲ್ಲಿವೆ. ಹಲ್ಲಿಗೆ ಹಲ್ಲು ಕೂತಾಗ ಕೂದಲೆಳೆಯಷ್ಟು ಸಡಿಲು ಆಟ ಇರಬೇಕು. ಆಟವೇ ಇಲ್ಲದಿದ್ದರೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬಡಿಯುತ್ತದೆ. ಹಲ್ಲುಗಳಿಗೆ ಮಸಿ ಬಳಿದು ಕೈಯಲ್ಲಿ ತಿರುಗಿಸಿ ನೋಡಲಿ. ಮಸಿ ಹಲ್ಲಿನ ನಡುವೆ ಅಳಿಸಿದರೆ ಸರಿ, ಅಂಚಿನಲ್ಲಿ ಅಳಿಸಿದರೆ ಬಿಚ್ಚಿ ಮತ್ತೆ ಕೂರಿಸಲಿ. ಓರೆ ಹಲ್ಲು ಪಕ್ಕಕ್ಕೆ ದೂಡುತ್ತದೆ, ಅದಕ್ಕೇ ಆ ದಪ್ಪ ವಾಷರ್. ಮರೆತರೆ ಪೆಟ್ಟಿಗೆ ಒಡೆಯುತ್ತದೆ. ಅವನು ಮರೆಯುವವನೇ. ನೀನು ಪಕ್ಕದಲ್ಲಿ ನಿಂತಿರು.

ಊಳು ಉಳಿದರೆ ಕೆಲಸ ಕೆಟ್ಟಿತು ಅಂತ ತಿಳಿ. ನನ್ನ ಗೇರಿನಿಂದ ಊಳು ಬಂದದ್ದಿಲ್ಲ.

ಎಸೆಕೊನ್


ಮಿಷನ್ ಕೊಳವೆಬಾವಿ
21 ಜುಲೈ 1996

ಅಪ್ಪನಿಗೆ,

ಕೂತಿತು! ಮಸಿ ನಡುವೆಯೇ ಅಳಿಸಿತು. ವಾಷರ್ ನಾನೇ ಕೈಯಾರೆ ಕೊಟ್ಟೆ. ಪಾದ್ರಿಗಳ ಶೆಡ್ಡಿನಲ್ಲೇ ಎಲ್ಲ ಮಾಡಿದೆವು, ನಾನೂ ಇಲ್ಲೇ ಉಳಿದೆ. ಇವತ್ತು ಮಿಷನ್ ಅಂಗಳದಲ್ಲಿ ಓಡಿಸಿ ನೋಡಿದ. ಬೂದಿಯ ಮೇಲೆ ಬೆಕ್ಕು ನಡೆದ ಹಾಗೆ ಹೋಯಿತು. ಅಡುಗೆಯವನು ಹಿಂದೆ ಲಾರಿ ಬಂದದ್ದೇ ಗೊತ್ತಾಗದೆ ಸೌಟು ಬಿಸಾಡಿ ಹಾರಿದ. ನಾನು ನಕ್ಕೆ. ಎಷ್ಟು ದಿನ ಆಗಿತ್ತು ನಕ್ಕು.

ನಾಳೆ ಮಧ್ಯಾಹ್ನ ನೀರು ತುಂಬಿಕೊಂಡು ಊರಿಗೆ ಹೊರಡುತ್ತೇವೆ. ನೀರಿಲ್ಲದೆ ಊರಿನವರು ಹೊಳೆ ಬಗೆಯುತ್ತಿದ್ದಾರಂತೆ.

ಚಿಂತೆ ಇಲ್ಲ ಅನ್ನಬಾರದು. ಹೀಗೆ ಗೇರು ಬದಲಾಯಿಸಿದ್ದು ಊರಿನಲ್ಲಿ ಯಾರಿಗೂ ಹೇಳಿಲ್ಲ ನಾನು, ಒಂದು ಪಿಳ್ಳೆಗೂ ಹೇಳಿಲ್ಲ. ಬೆಟ್ಟದವರ ಕಿವಿಗೆ ಬಿದ್ದರೆ, "ಇನ್ನು ಮೇಲೆ ಸದ್ದಿಗೆ ಕಾಯಬೇಡಿ, ದಾರಿಗೆ ಕಾಯಿರಿ" ಅಂತ ಅವರು ಅಂದುಕೊಂಡರೆ, ನಿಮ್ಮ ಗೇರೂ ವ್ಯರ್ಥ, ಕೊಟ್ಟದ್ದೂ ವ್ಯರ್ಥ. ಇಲ್ಲಿಗೆ ಬರುವಾಗ ಎಕಿತೆಲಾ ಕಣಿವೆಯ ಬಂಡೆಯ ಹತ್ತಿರ ಲಾರಿ ನಿಲ್ಲಿಸಿ, "ಲೊಂಗೊರ್‌ಗೆ ಒಂದು ಮಾತು ಹೇಳಿ ಬರ್ತೀನಿ, ಬರೋವಾಗ ಸದ್ದಿರಲ್ಲ ಅಂತ" ಅಂದು ಇಳಿಯಹೋದ. ತೋಳು ಹಿಡಿದೆ.

"ಬಂಡೆ ಮೇಲೆ ಹೇಳಿದ್ದು ಸಂಜೆಯೊಳಗೆ ಬೆಟ್ಟಕ್ಕೆ ಹೋಗತ್ತೆ."

"ಅವನು ನನ್ನ ದೊಡ್ಡಪ್ಪನ ಮಗ ಕಣೇ!"

"ಅವನ ಜೊತೆ ಕೂತಿರೋರು ಯಾರ ಮಕ್ಕಳು, ನಿನಗೆ ಗೊತ್ತಾ?"

"ನಿನ್ನ ತಲೆ ಒಳಗೂ ಒಂದು ಗೇರ್‌ಬಾಕ್ಸ್ ಇದೆ," ಅಂದ, "ಅದಕ್ಕೆ ಎಣ್ಣೆ ಹಾಕೋನು ಹುಟ್ಟಿಲ್ಲ." ಆದರೆ ಇಳಿಯಲಿಲ್ಲ. ಕಿಟಕಿಯಿಂದ ಬಂಡೆಯವರಿಗೆ ಹೊಗೆಸೊಪ್ಪಿನ ಪೊಟ್ಟಣ ಎಸೆದು ಹಾಗೇ ಹೊರಟ. ನನ್ನ ಮಾತು ಕೇಳುತ್ತಾನೆ, ಬಯ್ದುಕೊಂಡಾದರೂ ಕೇಳುತ್ತಾನೆ.

ಅಪುವಾ ಹೇಗಿದ್ದಾಳೆ? ಒಂದು ಸಾಲಾದರೂ ಬರೆಯಿರಿ. ಕಿವಿ?

ಅರೂಪೆ


ಕಿಟಾಲೆ
18 ಆಗಸ್ಟ್ 1996

ಅರೂಪೆ,

ವಫೂಲಾ ಹೇಳಿದ. ಡ್ರೈವರುಗಳ ಸಾವು ಹೀಗೇ, ಬೇರೆ ಡ್ರೈವರುಗಳ ಬಾಯಲ್ಲಿ ಬರುತ್ತದೆ.

ಗುಂಡು ಕ್ಯಾಬಿನ್ನಿಗೆ ಬಿದ್ದದ್ದು, ಪೆಟ್ಟಿಗೆಗೆ ತಾಗಿಲ್ಲ ಅಂತಲೂ ಅವನೇ ಹೇಳಿದ. ಲಾರಿ ನಿಂತ ಮೇಲೆ ಯಾರಾದರೂ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದ್ದರೆ ಬರೆ. ಕೈ ತಾಳುವಷ್ಟು ಬಿಸಿಯೋ, ಸುಡುವಷ್ಟೋ? ಅಷ್ಟು ದೂರ ಓಡಿದೆ. ಕೆಲಸ ಹೇಗೆ ಕೂತಿತ್ತು ಅಂತ ತಿಳಿಯಬೇಕು ನನಗೆ.

ಹುಡುಗಿಗೆ ಹೇಳಿಲ್ಲ. ಅವಳನ್ನು ನಿಮ್ಮಮ್ಮನ ಹೆಸರಿನಲ್ಲಿ ಕರೆಯುತ್ತಿದ್ದೇವೆ, ನಾಕ್ವಾವಿ ಅಂತ. ಮೊದಮೊದಲು ತಿರುಗುತ್ತಿರಲಿಲ್ಲ. ಈಗ ತಿರುಗುತ್ತಾಳೆ.

ಎಸೆಕೊನ್


ಲೊಕೊರೆತ್
8 ಸೆಪ್ಟೆಂಬರ್ 1996

ಅಪ್ಪನಿಗೆ,

ಕೈಯಿಟ್ಟು ನೋಡಿದವಳು ನಾನೇ. ಬೇರೆ ಎಲ್ಲಿ ಕೈಯಿಡಬೇಕೋ ತಿಳಿಯದೆ ಲಾರಿಯ ಕೆಳಗೆ ನುಸುಳಿದ್ದೆ. ಪೆಟ್ಟಿಗೆ ಬೆಚ್ಚಗಿತ್ತು, ಅಷ್ಟೇ. ನಿಮ್ಮ ಕೆಲಸ ಚೆನ್ನಾಗಿ ಕೂತಿತ್ತು.

ಕಣಿವೆಗೆ ಇಳಿಯುವಾಗ ಹೊತ್ತು ಇಳಿಯುತ್ತಿತ್ತು. ಸೂರ್ಯ ಬೆನ್ನಿಗಿದ್ದ. ಬಂಡೆಯ ಮೇಲಿದ್ದವರಿಗೆ ನಾವು ಕಂಡಿದ್ದರೆ ಕಪ್ಪಗೆ, ಧೂಳಿನೊಳಗೆ ಕಂಡಿರಬೇಕು, ಒಂದು ಸೈನ್ಯದ ಲಾರಿ. ಎಕಿತೆಲಾ ಮಾತಾಡುತ್ತಿದ್ದ. ಮೆಲ್ಲಗೆ. ಲಾರಿಯೊಳಗೆ ಅವನು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ನನಗೆ ನಾಚಿಕೆಯೇ ಆಯಿತು, ಯಾರೋ ಹೊಸ ಗಂಡಸಿನ ಪಕ್ಕ ಕೂತ ಹಾಗೆ. "ಮಳೆ ಕಳೆದ ಮೇಲೆ ನಾವಿಬ್ಬರೂ ಕಿಟಾಲೆಗೆ ಹೋಗೋಣ, ಮಾವನ ಕಾಲು ಹಿಡಿಯೋಣ, ಅಪುವಾನ ಕರ್ಕೊಂಡು ಬರೋಣ" ಅಂದ. ನಾನು ಹೂಂ ಅಂದೆ. ಗಾಜು ಒಡೆಯಿತು.

ನನಗೆ ಒಂದು ಗೀರೂ ಆಗಲಿಲ್ಲ. ಅವನ ಕಾಲು ಒತ್ತಿಕೊಂಡೇ ಇತ್ತು, ಲಾರಿ ಮರಳಿಗೆ ಹೋಗಿ ತಾನೇ ನಿಂತಿತು. ಬೆಟ್ಟದವರು ಅಂತ ನಾನು ಸೀಟಿನ ಕೆಳಗೆ ಮುದುಡಿದೆ, ಕೂಗಲಿಲ್ಲ. ಆಗ ಅವನಲ್ಲಿ ಇನ್ನೂ ಜೀವ ಇತ್ತೋ ಏನೋ. ಅದನ್ನು ದಿನಾ ಯೋಚಿಸುತ್ತೇನೆ. ಕೂಗಿದ್ದರೆ ದನಿ ಗುರುತಿಸಿ ಎರಡನೇ ಗುಂಡು ಹೊಡೆಯುತ್ತಿರಲಿಲ್ಲ.

ಬಾಗಿಲು ತೆಗೆದವನು ಲೊಂಗೊರ್. ಮೊದಲು ಬಂದೂಕಿನ ತುದಿ ಒಳಗೆ ಬಂತು, ಆಮೇಲೆ ಅವನ ಮುಖ. ನನ್ನನ್ನು ನೋಡಲಿಲ್ಲ. ಸತ್ತವನ ಹೆಗಲು ಹಿಡಿದು ಅಲ್ಲಾಡಿಸಿ ಕೇಳಿದ, "ಏ ಎಕಿತೆಲಾ, ಯಾಕೋ ಕಳ್ಳನ ಹಾಗೆ ಬಂದೆ? ಹೇಳಬಾರದಿತ್ತಾ? ನನಗೊಂದು ಮಾತು ಹೇಳಬಾರದಿತ್ತಾ?" ಎಷ್ಟು ಸಲ ಕೇಳಿದನೋ. ಅವನ ಜೊತೆಯವರು ಬಂದು ಬಿಡಿಸಿದರು.

ತೋಳು ಹಿಡಿದು ತಡೆದವಳು ನಾನು ಅಂತ ಹೇಳಲಿಲ್ಲ. ಇವತ್ತಿಗೂ ಯಾರಿಗೂ ಹೇಳಿಲ್ಲ. ಎಕಿತೆಲಾನೇ ಮರೆತ ಅಂತ ಊರೆಲ್ಲ ಅಂದುಕೊಂಡಿದೆ. "ಯಾವತ್ತೂ ಅವನು ಹಾಗೇ, ತಲೆ ಹಗುರ" ಅನ್ನುತ್ತಾರೆ.

ಅಪುವಾಳನ್ನು ಕಳಿಸಿಬಿಡಿ. ಕೊಟ್ಟದ್ದು ಅವನನ್ನು ಉಳಿಸಿಕೊಳ್ಳಲು. ಅವನೇ ಉಳಿಯಲಿಲ್ಲ. ಗೇರು ಬೇಕಾದರೆ ಪಾದ್ರಿಗಳಿಗೆ ಹೇಳಿ ಬಿಚ್ಚಿಸಿ ವಾಪಸು ಕಳಿಸುತ್ತೇನೆ. ಅವು ಏನೂ ಸವೆದಿಲ್ಲ.

ಗುಡಿಸಲಲ್ಲಿ ಒಬ್ಬಳೇ ಇದ್ದೇನೆ. ಅವಳ ಚರ್ಮದ ಹಾಸು ಬಿಸಿಲಿಗೆ ಹಾಕಿದ್ದೇನೆ.

ಅರೂಪೆ


ಕಿಟಾಲೆ
29 ಸೆಪ್ಟೆಂಬರ್ 1996

ಅರೂಪೆ,

ಬೆಚ್ಚಗಿತ್ತು ಅಂದರೆ ಸರಿಯಾಗಿ ಕೂತಿದೆ.

ಹುಡುಗಿ ಬರುವುದಿಲ್ಲ. ನೀನು ಗಂಡನನ್ನು ಉಳಿಸಿಕೊಡಿ ಅಂತ ಕೇಳಲಿಲ್ಲ, ಸದ್ದಡಗಿಸಿ ಅಂತ ಕೇಳಿದೆ. ಅಡಗಿಸಿಕೊಟ್ಟೆ. ಅದರ ಮುಂದಿನದು ನಿನ್ನ ಬಾಯಿಯ ಕೆಲಸ, ಅದನ್ನೂ ನೀನು ಅಡಗಿಸಿಕೊಂಡೆ. ನನ್ನ ಮೇಲೆ ಹಾಕಬೇಡ.

ಗೇರು ಬೇಡ. ಹೆಣ ಹೊತ್ತ ಗಾಡಿಯ ಸಾಮಾನು ಇಲ್ಲಿ ಯಾರೂ ಮುಟ್ಟುವುದಿಲ್ಲ.

ಎತ್ತು ಬಿದ್ದಿಲ್ಲ, ಮಗು ನನ್ನದು. ನಂಬಿಕೆಯಿಲ್ಲದಿದ್ದರೆ ನಿಮ್ಮೂರ ಹಿರಿಯರ ಮುಂದೆಯೇ ಕೂತು ಕೇಳು. ಸತ್ತವನು ಎದ್ದು ಬಂದು ತಿವಿಯುತ್ತಾನೋ? ನಿನಗೆ ಇರಲು ಜಾಗ ಬೇಕಾದರೆ ಬಾ. ಶೆಡ್ಡಿನಲ್ಲಿ ಗೋಣಿ ಹಾಸಿದರಾಯಿತು. ಹುಡುಗಿಯ ಹತ್ತಿರ ತಾಯಿ ಅಂತ ಹೇಳಿಕೊಂಡು ಅಳಬಾರದು, ಅಷ್ಟೇ. ಅಂತೂ ನಿಂತಿದೆ ಅವಳ ಅಳು.

ಎಸೆಕೊನ್


ಲೊಕೊರೆತ್
27 ಅಕ್ಟೋಬರ್ 1996

ಅಪ್ಪಾ,

ಹಿರಿಯರ ಮುಂದೆ ಕೂತು ಕೇಳು ಅಂದೆ ನೀನು. ಕೂತೆ. ಕೇಳಿದೆ.

ನಿನ್ನ ಮಾತು ನಿಜ ಅಂದರು. ಎತ್ತು ಬೀಳದ ಮಗು ತಾಯಿಯ ಅಪ್ಪನದೇ. ಆದರೆ ನೀನು ಅರ್ಧ ಹೇಳಿ ಅರ್ಧ ನುಂಗಿದ್ದೆ. ಸತ್ತವನ ಹೆಸರಿನಲ್ಲಿ ಅವನ ತಮ್ಮ ಎತ್ತು ಹೊಡೆದುಕೊಂಡು ಹೋಗಬಹುದಂತೆ. ಹೋಗಿ ತಿವಿದರೆ ಆ ಮದುವೆ ಮುಗಿದ ಮದುವೆ, ಆ ಮಕ್ಕಳು ಸತ್ತವನ ಮಕ್ಕಳು. ಹೆಂಡತಿ ತಮ್ಮನ ಪಾಲು.

ಎಕಿತೆಲಾನಿಗೆ ಒಡಹುಟ್ಟಿದ ತಮ್ಮ ಇಲ್ಲ. ಇರುವವನು ಲೊಂಗೊರ್ ಒಬ್ಬನೇ.

ಅವನಾಗಿ ಬಂದ. ಗುಡಿಸಲ ಹೊರಗೆ ನನಗೆ ಬೆನ್ನು ಮಾಡಿ ಕೂತ. ಬಹಳ ಹೊತ್ತು ನೆಲದ ಮೇಲೆ ಗೀರು ಹಾಕುತ್ತಿದ್ದ. "ಅತ್ತಿಗೆ, ಎತ್ತು ನಂದು, ಹೆಸರು ಅವನದು. ಆಮೇಲೆ ಈ ಗುಡಿಸಲೊಳಗೆ ನಾನು ಬರಬೇಕಾಗತ್ತೆ. ಬೇಡ ಅನ್ನು, ಎದ್ದು ಹೋಗ್ತೀನಿ. ನಿನ್ನ ಆಣೆಗೂ ಮತ್ತೆ ಮುಖ ತೋರಿಸಲ್ಲ."

ಅವನ ಕುತ್ತಿಗೆ ನೋಡುತ್ತಾ ನಿಂತೆ. ಆಗ ಹೇಳಿಬಿಡಬೇಕು ಅನ್ನಿಸಿತು, ಎಕಿತೆಲಾ ಮರೆತಿರಲಿಲ್ಲ, ಬಂಡೆಯ ಹತ್ತಿರ ಇಳಿಯುವವನಿದ್ದ, ತೋಳು ಹಿಡಿದವಳು ನಾನು ಅಂತ. ಹೇಳಿದರೆ ಅವನ ಹೆಗಲಿನ ಭಾರ ಇಳಿಯುತ್ತಿತ್ತು. ಇಳಿದರೆ ಎತ್ತು ಕೊಡುತ್ತಿದ್ದನೋ ಇಲ್ಲವೋ. ಕೊಡದಿದ್ದರೆ ಅಂತ ಚಿಂತೆಯಾಯಿತು.

"ಎತ್ತು ಯಾವ ಬಣ್ಣದ್ದು?" ಅಂದೆ.

"ಕೆಂದ."

"ಸರಿ, ಹೊಡಕೊಂಡು ಬಾ."

ಪಕ್ಕದ ಗುಡಿಸಲ ಮುದುಕಿ ಕೇಳಿಸಿಕೊಂಡು, "ಮಲಗೋವಾಗ ಬಂದೂಕು ಹೊರಗೆ ಇಡಿಸು ಮಗಳೇ, ಅವನಿಗೆ ಕತ್ತಲಲ್ಲಿ ಗುರುತು ಸಿಗಲ್ಲ" ಅಂತ ನಕ್ಕಳು. ಬೇರೆ ಹೆಂಗಸರೂ ನಕ್ಕರು. ನಾನೂ ನಕ್ಕೆನಂತೆ. ನನಗೆ ನೆನಪಿಲ್ಲ.

ಅವನು, ನಾನು, ಇಬ್ಬರು ಹಿರಿಯರು ನಾಳೆ ಹೊರಡುತ್ತೇವೆ. ಎತ್ತಿನ ನಡಿಗೆ, ನಿಧಾನವಾಗುತ್ತದೆ. ಈ ಕಾಗದ ವಫೂಲಾ ಜೊತೆ ನಮಗಿಂತ ಮೊದಲು ಮುಟ್ಟುತ್ತದೆ. ನಿನ್ನ ಕಡೆಯ ಹಿರಿಯರನ್ನೂ ಕರೆದಿಟ್ಟಿರು, ನಗುವ ಹೆಂಗಸರನ್ನೂ ಕರೆ. ಎತ್ತು ಬೀಳುವುದು ಅವರೂ ನೋಡಲಿ. ನೀನು ಬಯಸಿದ್ದೇ ಅದು.

ಹುಡುಗಿಗೆ ಕಂಬಳಿ ಹೊದಿಸಿ ಬಾಗಿಲಲ್ಲಿ ನಿಲ್ಲಿಸು. ಯಾವ ಹೆಸರಿಗೆ ತಿರುಗುತ್ತಾಳೋ ಅದೇ ಹೆಸರಿನಿಂದ ಕರೆಯುತ್ತೇನೆ, ಅದಕ್ಕೇನೂ ಜಗಳವಿಲ್ಲ. ಈಟಿ ಹಿಡಿದವನು ಯಾರು ಅಂತ ಅವಳು ಕೇಳಿದರೆ ನೀನು ಬಾಯಿ ತೆಗೆಯಬೇಡ. ಅವನನ್ನು ಅಪ್ಪ ಅಂತ ಕರೆಯುವುದನ್ನು ಅವಳಿಗೆ ನಾನೇ ಕಲಿಸಬೇಕು.

ಎಕಿತೆಲಾನ ಹೆಂಡತಿ,
ಅರೂಪೆ